ಮಾಹಿತಿಯ ಕಣಜ ಕೆಟ್ಟು ನಿಂತಾಗ

ಸುಗ್ಗಿ ಮುಗಿದ ಮೇಲೆ ಒಕ್ಕಲಿಗನು ತನ್ನ ಕಾಳನ್ನು ಕಣಜದಲ್ಲಿಯೋ ಹಗೇವಿನಲ್ಲಿಯೋ ತುಂಬಿಡುತ್ತಿದ್ದನು. ಬೆಳೆ ಕೈಗೆ ಬಂದಮಾತ್ರಕ್ಕೆ ಅವನ ಚಿಂತೆ ತೀರುತ್ತಿರಲಿಲ್ಲ. ಹುಳು ಹಿಡಿಯದಂತೆ, ನೀರು ನುಗ್ಗದಂತೆ ಅದನ್ನು ಕಾಪಾಡಿ, ಬೇಕಾದಾಗ ಬೇಕಾದಷ್ಟು ತೆಗೆಯುವಂತಿರಬೇಕಾಗಿತ್ತು. ಇಂದಿನ ಕಾಲದಲ್ಲಿ ಕಾಳಿನಷ್ಟೇ ಎಚ್ಚರದಿಂದ ಕಾಪಾಡಬೇಕಾದ ಇನ್ನೊಂದು ಬೆಳೆಯಿದೆ. ಅದೇ ಮಾಹಿತಿ. ಅದನ್ನು ತುಂಬಿಡುವ ಕಣಜಕ್ಕೆ ಸ್ಟೋರೇಜ್ ಸರ್ವರ್ ಎಂದು ಹೆಸರು.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳು ಕಬ್ಬಿನ ಸೀಮೆ. ಕಾರ್ಖಾನೆಗೆ ಹೋದ ಕಬ್ಬಿನ ತೂಕ, ಸಹಕಾರ ಸಂಘದ ಠೇವಣಿ ಮತ್ತು ಸಾಲ, ಆಸ್ಪತ್ರೆಯಲ್ಲಿ ತೆಗೆದ ಕ್ಷ-ಕಿರಣ ಚಿತ್ರ, ಕಾಲೇಜಿನ ಅಂಕಪಟ್ಟಿ ಮೊದಲಾದುವು ಈಗ ಕಾಗದದ ಮೇಲಿರುವುದಕ್ಕಿಂತ ಹೆಚ್ಚಾಗಿ ಗಣಕಯಂತ್ರಗಳಲ್ಲಿಯೇ ಇರುತ್ತವೆ. ಯಂತ್ರ ಕೆಟ್ಟರೆ ಹೊಸದನ್ನು ಕೊಳ್ಳಬಹುದು. ಅದರೊಳಗಿದ್ದ ಲೆಕ್ಕವನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು. ಅನೇಕ ವೇಳೆ ಈ ಲೆಕ್ಕವನ್ನು ಹಾಳುಮಾಡುವುದು ಮೂಲದೋಷವಲ್ಲ, ಅದನ್ನು ಸರಿಪಡಿಸಲು ಹೊರಟವರ ಅವಸರ. ಆದುದರಿಂದ ಇಂಥ ಯಂತ್ರಕ್ಕೆ ವಿದ್ಯುತ್ತಿನ ಅಥವಾ ಅಂಗಾಂಗಗಳ ತೊಂದರೆ ಬಂದಾಗ ದೋಷವನ್ನು ಕ್ರಮವಾಗಿ ಹುಡುಕುವುದು ಹೇಗೆಂಬುದನ್ನು ಈ ಪಾಠದಲ್ಲಿ ನೋಡೋಣ. ಪ್ರೌಢಶಾಲೆಯಲ್ಲಿ ಕಲಿತ ಭೌತವಿಜ್ಞಾನಕ್ಕಿಂತ ಹೆಚ್ಚಿನದೇನೂ ಇದಕ್ಕೆ ಬೇಕಾಗಿಲ್ಲ.

ವಿದ್ಯುತ್ತು ಬರುವ ದಾರಿ

ಗೋಕಾಕ ಜಲಪಾತದಲ್ಲಿ ಘಟಪ್ರಭಾ ನದಿಯು ಸುಮಾರು 52 ಮೀಟರು ಕೆಳಕ್ಕೆ ಧುಮುಕುತ್ತದೆ. ಆ ನೀರಿನ ಬಲವನ್ನು ನೂಲಿನ ಗಿರಣಿಗೆ 1880ರ ದಶಕದಲ್ಲಿಯೇ ಹೂಡಲಾಯಿತೆಂಬುದು ಈ ಸೀಮೆಯ ಹೆಮ್ಮೆ. ಇದೇ ನದಿಗೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಕಟ್ಟಿರುವ ಅಣೆಕಟ್ಟಿನ ಬುಡದಲ್ಲಿ ತಲಾ 16 ಮೆಗಾವಾಟಿನ ಎರಡು ವಿದ್ಯುದುತ್ಪಾದಕಗಳಿವೆ. ಆದರೆ ಹಿಡಕಲ್ಲಿನ ವಿದ್ಯುತ್ತು ನೇರವಾಗಿ ಪಕ್ಕದ ಊರಿಗೆ ಬರುತ್ತದೆಂದು ತಿಳಿಯಬಾರದು. ಅದು ರಾಜ್ಯದ ವಿದ್ಯುಜ್ಜಾಲವನ್ನು ಸೇರಿ, ಅಲ್ಲಿಂದ ಎಲ್ಲರಿಗೂ ಹಂಚಿಕೆಯಾಗುತ್ತದೆ. ಗೋಕಾಕ ಮತ್ತು ಮೂಡಲಗಿಗಳಲ್ಲಿ ಹಂಚುವ ಹೊಣೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯದು, ಅಂದರೆ ಹೆಸ್ಕಾಮಿನದು. ಹುಕ್ಕೇರಿ ತಾಲ್ಲೂಕಿನಲ್ಲಿ ಮಾತ್ರ ಆ ಕೆಲಸವನ್ನು 1969ರಲ್ಲಿ ಸ್ಥಾಪಿತವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ನಡೆಸುತ್ತಿದೆ. ಬಳಸುವವರೇ ಸದಸ್ಯರಾಗಿ ವಿದ್ಯುತ್ತನ್ನು ಹಂಚಿಕೊಳ್ಳುವ ಇಂಥ ಸಂಘಗಳು ನಮ್ಮ ದೇಶದಲ್ಲಿ ವಿರಳ.

ಈಗ ಒಂದು ಸರ್ವರಿಗೆ ವಿದ್ಯುತ್ತು ಬರುವ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಗುರುತಿಸೋಣ. 11,000 ವೋಲ್ಟಿನ ತಂತಿಯಿಂದ ಊರಿನ ಟ್ರಾನ್ಸ್‌ಫಾರ್ಮರಿಗೆ, ಅಲ್ಲಿ ವೋಲ್ಟೇಜು ಇಳಿದು, ಫೇಸು ಮತ್ತು ನ್ಯೂಟ್ರಲ್ ತಂತಿಗಳ ನಡುವೆ ಸುಮಾರು 230 ವೋಲ್ಟಾಗಿ ಕಟ್ಟಡದ ಮೀಟರಿಗೆ, ಮೀಟರಿನಿಂದ ಮುಖ್ಯ ಸ್ವಿಚ್ಚಿಗೆ, ಅಲ್ಲಿಂದ ಗೋಡೆಯ ಸಾಕೆಟ್ಟಿಗೆ, ಸಾಕೆಟ್ಟಿನಿಂದ ಯುಪಿಎಸ್ಸಿಗೆ, ಯುಪಿಎಸ್ಸಿನಿಂದ ವೈರಿನ ಮೂಲಕ ಸರ್ವರಿನ ಪವರ್ ಸಪ್ಲೈಗೆ, ಅಲ್ಲಿ 12 ವೋಲ್ಟಿನ ನೇರ ವಿದ್ಯುತ್ತಾಗಿ ಮಾರ್ಪಟ್ಟು ಒಳಗಿನ ಫಲಕಗಳಿಗೆ, ಕೊನೆಗೆ ಡಿಸ್ಕುಗಳಿಗೆ. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಯಂತ್ರ ನಿಲ್ಲುವುದು. ಹೊರಗೆ ನಿಂತು ನೋಡುವವನಿಗೆ ಕಾಣುವ ಚಿಹ್ನೆ ಮಾತ್ರ ಒಂದೇ: ದೀಪ ಆರಿದ ಪೆಟ್ಟಿಗೆ.

ಯಂತ್ರದ ಅಂಗಗಳು

ಇಂಥ ಸರ್ವರುಗಳನ್ನು ಕಬ್ಬಿಣದ ಚೌಕಟ್ಟಿನಲ್ಲಿ ಒಂದರ ಮೇಲೊಂದರಂತೆ, ಮೇಜಿನ ಖಾನೆಗಳ ಹಾಗೆ ಜೋಡಿಸುತ್ತಾರೆ. ಈ ಚೌಕಟ್ಟಿಗೆ ರ್ಯಾಕ್ ಎಂದು ಹೆಸರು. ಅದರ ಅಗಲ 19 ಅಂಗುಲವೆಂದು ಜಗತ್ತಿನಾದ್ಯಂತ ಗೊತ್ತುಪಡಿಸಲಾಗಿದೆ. ಎತ್ತರವನ್ನು ಅಳೆಯುವ ಮಾನಕ್ಕೆ 'ಯು' ಎನ್ನುತ್ತಾರೆ; ಒಂದು 'ಯು' ಎಂದರೆ ಒಂದೂಮುಕ್ಕಾಲು ಅಂಗುಲ. ಎರಡು 'ಯು' ಎತ್ತರದ ಪೆಟ್ಟಿಗೆಯ ಮುಂಬದಿಯಲ್ಲಿ ಮೂರೂವರೆ ಅಂಗುಲದ ಹನ್ನೆರಡು ಡಿಸ್ಕುಗಳು ಹಿಡಿಯುತ್ತವೆ. ಡಿಸ್ಕುಗಳ ಹಿಂದೆ ಅವೆಲ್ಲವೂ ಚುಚ್ಚಿಕೊಳ್ಳುವ ಒಂದು ಫಲಕವಿರುತ್ತದೆ, ಅದು ಬ್ಯಾಕ್‌ಪ್ಲೇನ್. ಅದರ ಹಿಂದೆ ಫ್ಯಾನುಗಳ ಸಾಲು, ಆಮೇಲೆ ಮುಖ್ಯ ಫಲಕ, ಡಿಸ್ಕುಗಳನ್ನು ನಡೆಸುವ ಕಂಟ್ರೋಲರ್, ಹಿಂಬದಿಯಲ್ಲಿ ಎರಡು ಪವರ್ ಸಪ್ಲೈಗಳು. ಒಂದು ಕೆಟ್ಟರೆ ಇನ್ನೊಂದು ಭಾರವನ್ನೆಲ್ಲ ಹೊರಲೆಂದು ಎರಡನ್ನು ಇಟ್ಟಿರುತ್ತಾರೆ.

ಇವುಗಳ ಜೊತೆಗೆ ಮುಖ್ಯ ಫಲಕದ ಮೇಲೆ ಒಂದು ಕಿರುಗಣಕವೂ ಇರುತ್ತದೆ. ಸರ್ವರನ್ನು ಆರಿಸಿದ್ದರೂ, ವಿದ್ಯುತ್ತಿನ ಸಂಪರ್ಕವಿರುವವರೆಗೆ ಅದು ಎಚ್ಚರವಾಗಿದ್ದು, ಯಾವ ಫ್ಯಾನು ನಿಂತಿತು, ಯಾವ ಪವರ್ ಸಪ್ಲೈ ಎಷ್ಟು ಹೊತ್ತಿಗೆ ಕೈಕೊಟ್ಟಿತು, ಒಳಗಿನ ಉಷ್ಣತೆ ಎಷ್ಟೇರಿತು ಎಂಬುದನ್ನು ತಾರೀಖು ವೇಳೆಗಳೊಡನೆ ಬರೆದಿಡುತ್ತದೆ. ಇದು ಊರ ಕಾವಲುಗಾರನ ದಿನಚರಿಯಿದ್ದಂತೆ. ದೋಷ ಹುಡುಕುವವನು ಮೊದಲು ಓದಬೇಕಾದ ಪುಸ್ತಕ ಇದೇ.

ಡಿಸ್ಕಿನ ವಿಷಯವಾಗಿ ಒಂದು ಮಾತು. 1956ರಲ್ಲಿ ಅಮೆರಿಕದ ಐಬಿಎಂ ಕಂಪನಿಯು ಹೊರತಂದ ಮೊದಲನೆಯ ಡಿಸ್ಕು ಯಂತ್ರದಲ್ಲಿ ಎರಡು ಅಡಿ ವ್ಯಾಸದ 50 ತಟ್ಟೆಗಳಿದ್ದುವು. ಅವುಗಳೆಲ್ಲ ಸೇರಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು. ಇಂದು ಅಂಗೈಯಲ್ಲಿ ಹಿಡಿಯಬಹುದಾದ 20 ಟೆರಾಬೈಟಿನ ಒಂದೇ ಡಿಸ್ಕು ಅಂಥ 40 ಲಕ್ಷ ಯಂತ್ರಗಳ ಕೆಲಸವನ್ನು ಮಾಡುತ್ತದೆ. ಒಂದು ಡಿಸ್ಕು ಹೋದರೆ ಹೋಗುವುದೆಷ್ಟೆಂಬುದನ್ನು ಇದರಿಂದ ಊಹಿಸಬಹುದು.

ಕಾಲುವೆಯ ನ್ಯಾಯ

ಘಟಪ್ರಭಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಒಬ್ಬ ರೈತನ ಹೊಲಕ್ಕೆ ನೀರು ಬರಲಿಲ್ಲವೆನ್ನಿ. ಕಾಲುವೆಯ ಬಾಯಿಂದ ಅವನ ಹೊಲದವರೆಗೆ ಎಂಟು ತೂಬುಗಳಿವೆ. ಮೊದಲನೆಯದರಿಂದ ಆರಂಭಿಸಿ ಒಂದೊಂದನ್ನೇ ನೋಡುತ್ತ ಬಂದರೆ ಏಳೆಂಟು ಕಡೆ ನಿಲ್ಲಬೇಕಾದೀತು. ಜಾಣನಾದವನು ನೇರವಾಗಿ ನಾಲ್ಕನೆಯ ತೂಬಿಗೆ ಹೋಗುತ್ತಾನೆ. ಅದನ್ನು ದಾಟಿ ನೀರು ಹರಿಯುತ್ತಿದ್ದರೆ ಮೇಲಿನ ನಾಲ್ಕೂ ಸರಿಯಾಗಿವೆ. ಅಡ್ಡಿ ಕೆಳಗಿನ ನಾಲ್ಕರಲ್ಲಿದೆ. ಆಮೇಲೆ ಆರನೆಯದನ್ನು ನೋಡುತ್ತಾನೆ. ಹೀಗೆ ಮೂರು ಕಡೆ ನೋಡಿದರೆ ಎಂಟರಲ್ಲಿ ಒಂದು ಸಿಕ್ಕಿಬೀಳುತ್ತದೆ. ಹದಿನಾರಿದ್ದರೆ ನಾಲ್ಕು ಸಾರಿ, ಮೂವತ್ತೆರಡಿದ್ದರೆ ಐದು ಸಾರಿ.

ಸರ್ವರಿನ ದೋಷವನ್ನು ಹುಡುಕುವುದಕ್ಕೂ ಇದೇ ನ್ಯಾಯ. ಸರಪಳಿಯ ನಡುವಣ ಕೊಂಡಿ ಯುಪಿಎಸ್. ಅದರ ಹೊರಬಾಯಿಗೆ ಒಂದು ಮೇಜಿನ ದೀಪವನ್ನು ಹಚ್ಚಿ ನೋಡಿದರೆ, ದೋಷ ಕಟ್ಟಡದ ಕಡೆಯದೋ ಯಂತ್ರದ ಕಡೆಯದೋ ಎಂಬುದು ಒಂದು ನಿಮಿಷದಲ್ಲಿ ತಿಳಿಯುತ್ತದೆ. ಈ ನ್ಯಾಯಕ್ಕೆ ಇನ್ನೆರಡು ನಿಯಮಗಳನ್ನು ಸೇರಿಸಿಕೊಳ್ಳಬೇಕು. ಮೊದಲನೆಯದು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದು. ವೈರು, ಪವರ್ ಸಪ್ಲೈ, ಡಿಸ್ಕು ಮೂರನ್ನೂ ಒಟ್ಟಿಗೆ ಬದಲಾಯಿಸಿ ಯಂತ್ರ ಎದ್ದರೆ, ಕೆಟ್ಟುದು ಯಾವುದೆಂಬುದು ಎಂದಿಗೂ ತಿಳಿಯದು. ಒಳ್ಳೆಯ ಭಾಗವನ್ನು ಕಸಕ್ಕೆ ಹಾಕಿ ಕೆಟ್ಟುದನ್ನು ಬೀರುವಿನಲ್ಲಿ ಇಟ್ಟುಕೊಂಡಂತಾಗುವುದು. ಎರಡನೆಯದು, ಮಾಡಿದುದನ್ನೆಲ್ಲ ಕೂಡಲೇ ಬರೆದಿಡುವುದು.

ಉಪಕರಣವನ್ನು ಮುಟ್ಟುವ ಮೊದಲು ಇಂದ್ರಿಯಗಳನ್ನು ಬಳಸಬೇಕು. ದೀಪದ ಬಣ್ಣವೇನು? ಹಸಿರೋ, ಕಿತ್ತಳೆಯೋ? ಫ್ಯಾನುಗಳು ತಿರುಗುತ್ತಿವೆಯೋ? ಸುಟ್ಟ ವಾಸನೆಯಿದೆಯೋ? ಪ್ಲಗ್ಗು ಬಿಸಿಯಾಗಿದೆಯೋ? ಯಂತ್ರ ಆರಿದುದು ಯಾವ ಹೊತ್ತಿಗೆ? ಕೊನೆಯ ಪ್ರಶ್ನೆಯೇ ಅನೇಕ ವೇಳೆ ಉತ್ತರಕ್ಕೆ ದಾರಿ ತೋರಿಸುತ್ತದೆ. ಈಗ ಮೂರು ಉದಾಹರಣೆಗಳನ್ನು ತೆಗೆದುಕೊಳ್ಳೋಣ. ಇವು ಪಾಠಕ್ಕಾಗಿ ಕಲ್ಪಿಸಿದವು; ಆದರೆ ಇವುಗಳಲ್ಲಿ ಬರುವ ದೋಷಗಳು ದಿನವೂ ನಡೆಯುವಂಥವು.

ಸಂಜೆಗೆ ಆರುವ ಯಂತ್ರ

ಮೂಡಲಗಿಯ ಒಂದು ಸಹಕಾರ ಸಂಘದಲ್ಲಿ ಇಂಥ ಸರ್ವರಿದೆಯೆಂದು ಭಾವಿಸೋಣ. ಹಗಲೆಲ್ಲ ಸರಿಯಾಗಿ ನಡೆಯುವ ಯಂತ್ರವು ಕೆಲವು ದಿನ ಸಂಜೆ ತಟ್ಟನೆ ಆರಿ, ತಾನೇ ಮತ್ತೆ ಏಳುತ್ತದೆ. ಯುಪಿಎಸ್ಸಿಗೆ ಹಚ್ಚಿದ ಮೇಜಿನ ದೀಪ ಮಾತ್ರ ಆಗ ಆರುವುದಿಲ್ಲ, ಒಮ್ಮೆ ಮಿಣುಕುತ್ತದೆ ಅಷ್ಟೆ. ಇದಕ್ಕೆ ಕಾರಣವೇನು?

ಹೊಲದ ಪಂಪ್‌ಸೆಟ್ಟುಗಳಿಗೆ ಮೂರು ಫೇಸಿನ ವಿದ್ಯುತ್ತನ್ನು ಗೊತ್ತಾದ ವೇಳೆಗಳಲ್ಲಿ ಬಿಡುವುದು ವಾಡಿಕೆ. ಬಿಟ್ಟೊಡನೆ ಅನೇಕ ಮೋಟಾರುಗಳು ಏಕಕಾಲಕ್ಕೆ ಹೊರಡುತ್ತವೆ. ಹೊರಡುವಾಗ ಮೋಟಾರು ಎಳೆಯುವ ಪ್ರವಾಹವು ಅದರ ಸಾಮಾನ್ಯ ಪ್ರವಾಹದ ಐದಾರು ಪಟ್ಟು. ಅಷ್ಟೊಂದು ಪ್ರವಾಹವು ಉದ್ದದ ತಂತಿಯಲ್ಲಿ ಹರಿದಾಗ ಓಮನ ನಿಯಮದಂತೆ ತಂತಿಯಲ್ಲಿಯೇ ಬಹಳ ವೋಲ್ಟೇಜು ಕಳೆದುಹೋಗುತ್ತದೆ. ನಮ್ಮ ಸಂಘದ ಸಾಕೆಟ್ಟಿನಲ್ಲಿ 230 ಇದ್ದುದು 160 ವೋಲ್ಟಿಗೆ ಇಳಿಯಿತೆನ್ನೋಣ.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ವಿಶೇಷವೊಂದಿದೆ. ತಂತಿಯ ಬಲ್ಬಿಗೆ ವೋಲ್ಟೇಜು ಇಳಿದರೆ ಪ್ರವಾಹವೂ ಇಳಿದು ಬೆಳಕು ಮಂಕಾಗುತ್ತದೆ. ಸರ್ವರು ಹಾಗಲ್ಲ. ಅದರ ಪವರ್ ಸಪ್ಲೈ ಒಳಗಿನ ಅಂಗಗಳಿಗೆ ಬೇಕಾದ ಶಕ್ತಿಯನ್ನು ಕೊಟ್ಟೇ ತೀರಬೇಕಾದುದರಿಂದ, ವೋಲ್ಟೇಜು ಇಳಿದಷ್ಟೂ ಹೆಚ್ಚು ಪ್ರವಾಹವನ್ನು ಎಳೆಯುತ್ತದೆ. 400 ವಾಟಿನ ಯಂತ್ರವು 230 ವೋಲ್ಟಿನಲ್ಲಿ ಸುಮಾರು 1.74 ಆಂಪಿಯರು ಎಳೆದರೆ, 160 ವೋಲ್ಟಿನಲ್ಲಿ 2.5 ಆಂಪಿಯರು ಎಳೆಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ಎರಡು ಪಟ್ಟಾಗುತ್ತದೆ. ಸಡಿಲವಾದ ಪ್ಲಗ್ಗು ಸಂಜೆಯ ವೇಳೆಗೆ ಬಿಸಿಯಾಗುವುದೇಕೆಂಬುದು ಇದರಿಂದ ತಿಳಿಯುತ್ತದೆ.

ವೋಲ್ಟೇಜು ತನಗೆ ಗೊತ್ತುಮಾಡಿದ ಮಿತಿಗಿಂತ ಇಳಿದೊಡನೆ ಯುಪಿಎಸ್ ಬ್ಯಾಟರಿಗೆ ಬದಲಾಗುತ್ತದೆ. ಸಾಮಾನ್ಯ ಜಾತಿಯ ಯುಪಿಎಸ್ಸಿನಲ್ಲಿ ಈ ಬದಲಾವಣೆಗೆ 4ರಿಂದ 10 ಮಿಲಿಸೆಕೆಂಡು ಹಿಡಿಯುವುದು. ಆ ಅರೆಗಳಿಗೆ ಯಂತ್ರಕ್ಕೆ ವಿದ್ಯುತ್ತೇ ಇಲ್ಲ. ಆಗ ಅದನ್ನು ಬದುಕಿಸುವುದು ಪವರ್ ಸಪ್ಲೈಯೊಳಗಿನ ಒಂದು ದೊಡ್ಡ ಧಾರಕ. ಅದರ ಸಾಮರ್ಥ್ಯ 390 ಮೈಕ್ರೋಫ್ಯಾರಡು, ವೋಲ್ಟೇಜು 380 ಎಂದಿಟ್ಟುಕೊಳ್ಳೋಣ. ಧಾರಕದ ಶಕ್ತಿಯು ಸಾಮರ್ಥ್ಯ ಮತ್ತು ವೋಲ್ಟೇಜಿನ ವರ್ಗ ಇವುಗಳ ಗುಣಲಬ್ಧದ ಅರ್ಧ, ಅಂದರೆ 28.2 ಜೂಲು. ವೋಲ್ಟೇಜು 300ಕ್ಕೆ ಇಳಿಯುವವರೆಗೆ ಸಪ್ಲೈ ಕೆಲಸಮಾಡಬಲ್ಲುದಾದರೆ, ಆಗ ಉಳಿದಿರುವ ಶಕ್ತಿ 17.6 ಜೂಲು. ಬಳಕೆಗೆ ಒದಗುವುದು ಇವುಗಳ ವ್ಯತ್ಯಾಸ, 10.6 ಜೂಲು. ಸೆಕೆಂಡಿಗೆ 400 ಜೂಲಿನಂತೆ ಖರ್ಚುಮಾಡಿದರೆ ಇದು ಸುಮಾರು 26 ಮಿಲಿಸೆಕೆಂಡು ಬಾಳುತ್ತದೆ. ಯುಪಿಎಸ್ಸಿನ 10 ಮಿಲಿಸೆಕೆಂಡಿಗೆ ಇದು ಧಾರಾಳವಾಗಿ ಸಾಕು.

ಆದರೆ ಧಾರಕಕ್ಕೂ ಮುಪ್ಪಿದೆ. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ಧಾರಕದ ಆಯುಸ್ಸು ಅರ್ಧಕ್ಕಿಳಿಯುವುದೆಂದು ಎಂಜಿನಿಯರುಗಳು ಸ್ಥೂಲವಾಗಿ ಲೆಕ್ಕಹಾಕುತ್ತಾರೆ. ಧೂಳಿನಿಂದ ಗಾಳಿಯ ದಾರಿ ಮುಚ್ಚಿಹೋದ ಕೋಣೆಯಲ್ಲಿ, ಬೇಸಗೆಯ ಬಿಸಿಲಿನಲ್ಲಿ ಅದು ಬೇಗನೆ ಸೊರಗುತ್ತದೆ. ಸಾಮರ್ಥ್ಯವು ಮೂರರಲ್ಲಿ ಒಂದು ಪಾಲಿಗೆ ಇಳಿಯಿತೆನ್ನಿ. ಆಗ ಯಂತ್ರ ತಡೆದುಕೊಳ್ಳುವುದು ಸುಮಾರು 9 ಮಿಲಿಸೆಕೆಂಡು ಮಾತ್ರ. ಬದಲಾವಣೆಗೆ 10 ಮಿಲಿಸೆಕೆಂಡು ಹಿಡಿದರೆ ಯಂತ್ರ ಆರುವುದು. ದೀಪಕ್ಕೆ ಅಷ್ಟು ಹೊತ್ತಿನ ಕತ್ತಲೆ ಒಂದು ಮಿಣುಕು. ಗಣಕಕ್ಕೆ ಅದು ಮರಣ.

ಇಷ್ಟಕ್ಕೇ ನಿಲ್ಲಿಸದೆ ಇನ್ನೊಂದು ಪ್ರಶ್ನೆ ಕೇಳಬೇಕು. ಯಂತ್ರಕ್ಕೆ ಎರಡು ಪವರ್ ಸಪ್ಲೈಗಳಿವೆಯಷ್ಟೆ. ಎರಡೂ ಭಾರ ಹಂಚಿಕೊಂಡು ತಲಾ 200 ವಾಟು ಕೊಡುತ್ತಿದ್ದರೆ, ಮುಪ್ಪಾದ ಧಾರಕವೂ ಸುಮಾರು 18 ಮಿಲಿಸೆಕೆಂಡು ತಡೆಯಬೇಕಾಗಿತ್ತು. ತಡೆಯಲಿಲ್ಲವೇಕೆ? ಕಿರುಗಣಕದ ದಿನಚರಿಯನ್ನು ತೆಗೆದು ನೋಡಿದರೆ ಉತ್ತರ ಸಿಕ್ಕುತ್ತದೆ: ಮೊದಲನೆಯ ಸಪ್ಲೈ ಮೂರು ತಿಂಗಳ ಹಿಂದೆಯೇ ಕೆಟ್ಟಿದೆ. ಅದರ ದೀಪ ಅಂದಿನಿಂದ ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿದೆ. ಯಂತ್ರ ನಡೆಯುತ್ತಲೇ ಇದ್ದುದರಿಂದ ರ್ಯಾಕಿನ ಹಿಂಬದಿಗೆ ಹೋಗಿ ಯಾರೂ ನೋಡಲಿಲ್ಲ. ಜೋಡೆತ್ತಿನ ಗಾಡಿಯಲ್ಲಿ ಒಂದೆತ್ತು ಕುಂಟಿದರೆ ಕೂಡಲೇ ತಿಳಿಯುತ್ತದೆ; ಜೋಡಿ ಅಂಗಗಳಿರುವ ಯಂತ್ರದಲ್ಲಿ ಒಂದು ಸತ್ತರೂ ತಿಳಿಯುವುದಿಲ್ಲ. ತಿಳಿಯಬೇಕಾದರೆ ವಾರಕ್ಕೊಮ್ಮೆಯಾದರೂ ಹಿಂಬದಿಯ ದೀಪಗಳನ್ನು ನೋಡಬೇಕು.

ಪರಿಹಾರವು ಈಗ ಸ್ಪಷ್ಟ. ಕೆಟ್ಟ ಸಪ್ಲೈಯನ್ನು ಬದಲಾಯಿಸಬೇಕು. ಮುಪ್ಪಾದುದನ್ನೂ ಆಮೇಲೆ ಬದಲಾಯಿಸಬೇಕು. ಎರಡಕ್ಕೂ ಒಂದೇ ಯುಪಿಎಸ್ಸಿನಿಂದ ವೈರು ಎಳೆದರೆ ಆ ಯುಪಿಎಸ್ ಕೆಟ್ಟ ದಿನ ಎರಡೂ ಒಟ್ಟಿಗೆ ಸಾಯುತ್ತವೆ. ಆದುದರಿಂದ ಬೇರೆ ಬೇರೆ ಯುಪಿಎಸ್ಸುಗಳಿಂದ, ಸಾಧ್ಯವಾದರೆ ಬೇರೆ ಬೇರೆ ಸ್ವಿಚ್ಚುಗಳಿಂದ ಎಳೆಯಬೇಕು.

ಪ್ರಸಂಗವಶಾತ್ ಇನ್ನೊಂದು ಅಪಾಯವನ್ನು ಹೇಳಬೇಕು. ಗಾಳಿಮಳೆಗೆ ನ್ಯೂಟ್ರಲ್ ತಂತಿ ಕಡಿದರೆ 230 ವೋಲ್ಟು ಇರಬೇಕಾದ ಕಡೆ 400ರ ಹತ್ತಿರ ಏರಬಹುದು. ಕಟ್ಟಡದ ಒಂದು ಕೋಣೆಯಲ್ಲಿ ದೀಪ ಅತಿಯಾಗಿ ಹೊಳೆದು ಇನ್ನೊಂದರಲ್ಲಿ ಮಂಕಾದರೆ ಇದೇ ಗುರುತು. ಆಗ ಮುಖ್ಯ ಸ್ವಿಚ್ಚನ್ನು ಆರಿಸಿ ಲೈನ್‌ಮನ್ನನ್ನು ಕರೆಯಬೇಕಲ್ಲದೆ, ಯಂತ್ರವನ್ನು ಪರೀಕ್ಷಿಸುತ್ತ ಕೂರಬಾರದು.

ಬೆಳಗ್ಗೆ ಏಳದ ಯಂತ್ರ

ಎರಡನೆಯ ಉದಾಹರಣೆ. ನಡೆಯುತ್ತಿರುವಾಗ ಯಾವ ತೊಂದರೆಯನ್ನೂ ಕೊಡದ ಯಂತ್ರವು, ರಜೆಗೆಂದು ಆರಿಸಿ ಮತ್ತೆ ಹಚ್ಚಿದರೆ ಏಳುವುದಿಲ್ಲ. ಒಂದು ಕ್ಷಣ ಫ್ಯಾನುಗಳು ತಿರುಗಿ ನಿಂತುಹೋಗುತ್ತವೆ.

ಡಿಸ್ಕಿನೊಳಗೆ ಭಾರವಾದ ತಟ್ಟೆಗಳಿವೆ. ನಿಂತ ತಟ್ಟೆಗಳನ್ನು ನಿಮಿಷಕ್ಕೆ 7,200 ಸುತ್ತಿನ ವೇಗಕ್ಕೆ ತರಲು ಒಂದೊಂದು ಡಿಸ್ಕೂ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರು ಎಳೆಯುತ್ತದೆ. ಹನ್ನೆರಡು ಡಿಸ್ಕುಗಳಿಗೆ 24 ಆಂಪಿಯರು, ಅಂದರೆ 288 ವಾಟು. ವೇಗ ಬಂದಮೇಲೆ ಒಂದೊಂದಕ್ಕೆ ಸುಮಾರು 8 ವಾಟಿನಂತೆ 96 ವಾಟು ಸಾಕು. ತುಂಬಿದ ಗಾಡಿಯನ್ನು ನೂಕಿ ಹೊರಡಿಸಲು ಬೇಕಾದ ಬಲಕ್ಕೂ ಹೊರಟ ಗಾಡಿಯನ್ನು ನಡೆಸಲು ಬೇಕಾದ ಬಲಕ್ಕೂ ಇರುವ ಅಂತರವೇ ಇದು. ಸೊರಗಿದ ಪವರ್ ಸಪ್ಲೈ ನಡೆಸಬಲ್ಲುದು, ಹೊರಡಿಸಲಾರದು.

ಪರೀಕ್ಷೆ ಸುಲಭ. ಡಿಸ್ಕುಗಳ ಖಾನೆಗಳಿಗೆ ಒಂದರಿಂದ ಹನ್ನೆರಡರವರೆಗೆ ಗುರುತಿನ ಚೀಟಿಗಳನ್ನು ಅಂಟಿಸಿ, ಯಂತ್ರ ಆರಿರುವಾಗಲೇ ಎಲ್ಲವನ್ನೂ ಎರಡು ಅಂಗುಲ ಹೊರಗೆಳೆದು ಹಚ್ಚಬೇಕು. ಡಿಸ್ಕುಗಳಿಲ್ಲದೆ ಯಂತ್ರ ಎದ್ದರೆ ಮುಖ್ಯ ಫಲಕ ಸರಿಯಾಗಿದೆ, ಸಪ್ಲೈಗೆ ಬಲ ಸಾಲದು ಎಂಬ ಸಂಶಯ ದೃಢವಾಗುತ್ತದೆ. ಒಡನೆಯೇ ಯಂತ್ರವನ್ನು ಆರಿಸಿ, ಡಿಸ್ಕುಗಳನ್ನು ತಮ್ಮ ತಮ್ಮ ಖಾನೆಗೇ ಸೇರಿಸಿ, ಹೊಸ ಸಪ್ಲೈಯಿಂದ ಹಚ್ಚಬೇಕು. ಡಿಸ್ಕುಗಳು ಸರದಿಯಂತೆ ಒಂದಾದ ಮೇಲೊಂದು ಹೊರಡುವ ಏರ್ಪಾಡು ಅನೇಕ ಕಂಟ್ರೋಲರುಗಳಲ್ಲಿದೆ. ಅದನ್ನು ಬಳಸಿಕೊಂಡರೆ ಈ ಭಾರ ಒಮ್ಮೆಲೇ ಬೀಳುವುದಿಲ್ಲ.

ನಾಲ್ಕು ಡಿಸ್ಕುಗಳು ಒಟ್ಟಿಗೆ ಕಾಣದಾದಾಗ

ಮೂರನೆಯದು ಎಲ್ಲಕ್ಕಿಂತ ಭಯಂಕರವಾಗಿ ಕಾಣುವ ಉದಾಹರಣೆ. ಇದನ್ನು ತಿಳಿಯಲು ಡಿಸ್ಕುಗಳ ಸರಣಿಯ ತತ್ತ್ವ ಗೊತ್ತಿರಬೇಕು. 1988ರಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾನಿಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ವಿಜ್ಞಾನಿಗಳು, ಅಗ್ಗದ ಅನೇಕ ಡಿಸ್ಕುಗಳನ್ನು ಜೋಡಿಸಿ, ಒಂದು ಹೋದರೂ ಮಾಹಿತಿ ಉಳಿಯುವಂತೆ ಮಾಡುವ ವಿಧಾನಗಳನ್ನು ವಿವರಿಸಿದರು. ಇದಕ್ಕೆ ರೇಡ್ ಎಂದು ಹೆಸರು. ಉಪಾಯ ಬಹಳ ಸರಳ. ಮೂರು ಡಿಸ್ಕುಗಳಲ್ಲಿ 1, 0, 1 ಎಂಬ ಅಂಕಿಗಳಿವೆಯೆನ್ನಿ. ನಾಲ್ಕನೆಯದರಲ್ಲಿ ಒಟ್ಟು '1'ಗಳ ಸಂಖ್ಯೆ ಸಮವಾಗುವಂತೆ ಒಂದು ಅಂಕಿಯನ್ನು ಬರೆಯುತ್ತಾರೆ. ಇಲ್ಲಿ ಅದು 0. ಈಗ ಎರಡನೆಯ ಡಿಸ್ಕು ಹೋಯಿತೆಂದುಕೊಳ್ಳಿ. ಉಳಿದುವು 1, 1 ಮತ್ತು 0. ಒಟ್ಟು ಸಮವಾಗಬೇಕಾದರೆ ಹೋದದ್ದು 0 ಆಗಿರಲೇಬೇಕು. ಒಂದು ಹೋದರೆ ಹೀಗೆ ಲೆಕ್ಕಮಾಡಿ ಪಡೆಯಬಹುದು. ಎರಡು ಹೋದರೆ ಈ ಲೆಕ್ಕ ನಡೆಯದು. ಎರಡು ಹೋದರೂ ತಾಳುವ ಇನ್ನೊಂದು ವಿಧಾನವಿದೆ. ಆದರೆ ಅಲ್ಲಿಯೂ ಮೂರನೆಯದು ಹೋದರೆ ಕಥೆ ಮುಗಿಯಿತು.

ಹೀಗಿರುವಲ್ಲಿ ಒಂದು ಬೆಳಗ್ಗೆ ಪಕ್ಕಪಕ್ಕದ ನಾಲ್ಕು ಡಿಸ್ಕುಗಳು ಕಾಣದಾದುವು. ಕಂಟ್ರೋಲರು ಸರಣಿ ಮುರಿದಿದೆಯೆಂದು ಸಾರುತ್ತದೆ. ಹೊಸ ಸರಣಿಯನ್ನು ರಚಿಸೋಣವೇ ಎಂದು ಪರದೆ ಕೇಳುತ್ತದೆ. ಇಲ್ಲಿ ಹೌದೆಂದು ಒತ್ತಿದರೆ ವರ್ಷಗಳ ಲೆಕ್ಕ ಅಳಿಸಿಹೋಗಬಹುದು. ಕೈಯನ್ನು ಹಿಂದಕ್ಕೆ ತೆಗೆದು ಮೊದಲು ಯೋಚಿಸಬೇಕು.

ಒಂದು ಡಿಸ್ಕು ಒಂದು ದಿನ ಕೆಡುವ ಸಂಭವ ಹತ್ತು ಸಾವಿರದಲ್ಲಿ ಒಂದು ಎಂದು ಹಿಡಿಯೋಣ. ಗೊತ್ತಾದ ನಾಲ್ಕು ಡಿಸ್ಕುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಒಂದೇ ದಿನ ಕೆಡುವ ಸಂಭವವನ್ನು ತಿಳಿಯಲು ಇದನ್ನು ನಾಲ್ಕು ಸಲ ಗುಣಿಸಬೇಕು. ಬರುವ ಉತ್ತರ, 1ರ ಮುಂದೆ ಹದಿನಾರು ಸೊನ್ನೆಗಳನ್ನಿಟ್ಟಷ್ಟರಲ್ಲಿ ಒಂದು. ಅಂದಮೇಲೆ ಕೆಟ್ಟಿರುವುದು ನಾಲ್ಕು ಡಿಸ್ಕುಗಳಲ್ಲ, ನಾಲ್ಕಕ್ಕೂ ಸೇರಿದ ಯಾವುದೋ ಒಂದು. ಒಂದು ಬೀದಿಯ ದೀಪಗಳೆಲ್ಲ ಒಟ್ಟಿಗೆ ಆರಿದರೆ ಬಲ್ಬುಗಳನ್ನು ಯಾರೂ ಬದಲಾಯಿಸುವುದಿಲ್ಲ.

ಇಂಥ ಯಂತ್ರಗಳಲ್ಲಿ ಕಂಟ್ರೋಲರಿನಿಂದ ಬ್ಯಾಕ್‌ಪ್ಲೇನಿಗೆ ಹೋಗುವ ಒಂದೊಂದು ಕೇಬಲು ಅನೇಕ ವೇಳೆ ನಾಲ್ಕು ನಾಲ್ಕು ಡಿಸ್ಕುಗಳಿಗೆ ಸೇರಿರುತ್ತದೆ. ವಿದ್ಯುತ್ತಿನ ಕೊಂಡಿಗಳೂ ಹೀಗೆ ಗುಂಪಿಗೊಂದು ಇರುವುದುಂಟು. ಅಲ್ಲಿ 12 ವೋಲ್ಟು ಮತ್ತು 5 ವೋಲ್ಟುಗಳು ನೂರಕ್ಕೆ ಐದರ ಅಂತರದೊಳಗೆ, ಅಂದರೆ 11.4ರಿಂದ 12.6 ಹಾಗೂ 4.75ರಿಂದ 5.25ರೊಳಗೆ ಇವೆಯೋ ಎಂದು ತಿಳಿದವರು ಮಲ್ಟಿಮೀಟರಿನಿಂದ ಅಳೆಯಬೇಕು. ಅದು ಸರಿಯಾಗಿದ್ದರೆ ಯಂತ್ರವನ್ನು ಆರಿಸಿ, ಒಂದನೆಯ ಮತ್ತು ಎರಡನೆಯ ಕೇಬಲುಗಳನ್ನು ಕಂಟ್ರೋಲರಿನ ತುದಿಯಲ್ಲಿ ಅದಲುಬದಲು ಮಾಡಬೇಕು. ಮತ್ತೆ ಹಚ್ಚಿದಾಗ ಸರಣಿಗೆ ಏನನ್ನೂ ಬರೆಯಗೊಡದೆ, ಯಾವ ಡಿಸ್ಕುಗಳು ಕಾಣುತ್ತವೆಂಬುದಷ್ಟನ್ನೇ ನೋಡಬೇಕು. ಕಾಣದಿರುವ ಗುಂಪು ಬದಲಾಗಿ ಎರಡನೆಯ ಗುಂಪೇ ಮಾಯವಾದರೆ ದೋಷ ಕಂಟ್ರೋಲರಿನ ಬಾಯಲ್ಲಿದೆ. ಮೊದಲನೆಯ ಗುಂಪೇ ಕಾಣದಿದ್ದರೆ ದೋಷ ಕೇಬಲಿನಲ್ಲಿದೆ ಅಥವಾ ಬ್ಯಾಕ್‌ಪ್ಲೇನಿನಲ್ಲಿದೆ. ಆಗ ಕೇಬಲನ್ನು ಮಾತ್ರ ಹೊಸದಕ್ಕೆ ಬದಲಾಯಿಸಿ ನೋಡಿದರೆ ಉಳಿದ ಸಂಶಯವೂ ತೀರುತ್ತದೆ. ಕೆಲವು ನೂರು ರೂಪಾಯಿಯ ಕೇಬಲು ಸಡಿಲವಾದುದನ್ನು ಲಕ್ಷಾಂತರ ರೂಪಾಯಿಯ ಲೆಕ್ಕ ಹೋಯಿತೆಂದು ತಿಳಿದು, ಇರುವ ಲೆಕ್ಕವನ್ನೂ ಅಳಿಸುವ ಅನಾಹುತವು ಹೀಗೆ ತಪ್ಪುತ್ತದೆ.

ಕೈಯಿಡಬಾರದ ಕಡೆ

ಪವರ್ ಸಪ್ಲೈಯ ಪೆಟ್ಟಿಗೆಯನ್ನು ಎಂದಿಗೂ ಬಿಚ್ಚಬಾರದು. ಮೇಲೆ ಲೆಕ್ಕಹಾಕಿದ 380 ವೋಲ್ಟಿನ ಧಾರಕವು ಪ್ಲಗ್ಗು ಕಿತ್ತ ಮೇಲೂ ಕೆಲವು ಹೊತ್ತು ಆ ಶಕ್ತಿಯನ್ನು ಹಿಡಿದಿರುತ್ತದೆ. ಅದು ಪ್ರಾಣ ತೆಗೆಯಬಲ್ಲುದು. ಒಳಗಿನ ಫಲಕಗಳನ್ನು ಮುಟ್ಟುವ ಮೊದಲು ಮೈಯಲ್ಲಿರುವ ಸ್ಥಿರವಿದ್ಯುತ್ತನ್ನು ಭೂಸಂಪರ್ಕವುಳ್ಳ ಲೋಹಕ್ಕೆ ಇಳಿಸಿಕೊಳ್ಳಬೇಕು. ನೀರು ಹೊಕ್ಕ ಯಂತ್ರವನ್ನು ಪರೀಕ್ಷೆಗೆಂದು ಕೂಡ ಹಚ್ಚಬಾರದು.

ಕೊನೆಯ ಮಾತು ಈ ಸೀಮೆಯವರಿಗೆ ಬರಿಯ ಪುಸ್ತಕದ ಎಚ್ಚರಿಕೆಯಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆಯ ಪ್ರವಾಹ ಗೋಕಾಕ ಪಟ್ಟಣದೊಳಗೆ ನುಗ್ಗಿ ಮನೆ ಅಂಗಡಿಗಳನ್ನು ಮುಳುಗಿಸಿತು. ಅಂಥ ದಿನ ಎರಡು ಪವರ್ ಸಪ್ಲೈಗಳಾಗಲಿ ಹನ್ನೆರಡು ಡಿಸ್ಕುಗಳ ಸರಣಿಯಾಗಲಿ ಉಪಯೋಗಕ್ಕೆ ಬಾರವು. ಒಂದೇ ಪೆಟ್ಟಿಗೆಯಲ್ಲಿರುವುದೆಲ್ಲ ಒಂದೇ ನೀರಿನಲ್ಲಿ ಮುಳುಗುತ್ತದೆ. ಆದುದರಿಂದ ಯಂತ್ರವನ್ನು ಮೇಲಂತಸ್ತಿನಲ್ಲಿಡುವುದರ ಜೊತೆಗೆ, ಮಾಹಿತಿಯ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದಾದರೂ ಬೇರೆ ಊರಿನಲ್ಲಿರಬೇಕು ಎಂಬ ನಿಯಮವನ್ನು ಪಾಲಿಸಬೇಕು. ಗೋಕಾಕದ ಲೆಕ್ಕದ ಒಂದು ಪ್ರತಿ ಹುಕ್ಕೇರಿಯಲ್ಲಿದ್ದರೆ, ಒಂದೇ ಊರಿನ ಪ್ರವಾಹಕ್ಕೆ, ಒಂದೇ ಟ್ರಾನ್ಸ್‌ಫಾರ್ಮರಿಗೆ ಎರಡೂ ಬಲಿಯಾಗುವುದಿಲ್ಲ. ಆ ಪ್ರತಿಯನ್ನು ಆಗಾಗ ತೆರೆದು ಓದಿ ನೋಡಬೇಕು. ತೆರೆದು ನೋಡದ ಕಣಜದಲ್ಲಿ ಕಾಳಿದೆಯೋ ಹುಳುವಿದೆಯೋ ಹೇಳಬಲ್ಲವರಾರು?

ಒಟ್ಟಿನಲ್ಲಿ ಕ್ರಮ ಇದು. ಮೊದಲು ಮಾಹಿತಿಯ ಕ್ಷೇಮವನ್ನು ನೋಡಬೇಕು. ಆಮೇಲೆ ದಿನಚರಿಯನ್ನು ಓದಬೇಕು. ಆಮೇಲೆ ಸರಪಳಿಯನ್ನು ನಡುವೆ ಸೀಳಿ ಅಳೆಯಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಅನೇಕ ಅಂಗಗಳು ಒಟ್ಟಿಗೆ ಕೆಟ್ಟಂತೆ ಕಂಡರೆ ಅವುಗಳ ಸಮಾನ ಮೂಲವನ್ನು ಹುಡುಕಬೇಕು. ಈ ಕ್ರಮವನ್ನು ರೂಢಿಸಿಕೊಂಡ ವಿದ್ಯಾರ್ಥಿಯು ಸರ್ವರನ್ನೇ ಅಲ್ಲ, ಮನೆಯ ಪಂಪನ್ನೂ ಶಾಲೆಯ ಪ್ರಯೋಗಶಾಲೆಯ ಉಪಕರಣವನ್ನೂ ಇದೇ ರೀತಿಯಲ್ಲಿ ಪರೀಕ್ಷಿಸಬಲ್ಲನು.

ಅಭ್ಯಾಸಕ್ಕೆ ಪ್ರಶ್ನೆಗಳು

1. ಮೇಲಿನ ಲೆಕ್ಕದ ಧಾರಕದ ಸಾಮರ್ಥ್ಯ 390ರಿಂದ 195 ಮೈಕ್ರೋಫ್ಯಾರಡಿಗೆ ಇಳಿದರೆ, 400 ವಾಟಿನ ಯಂತ್ರವನ್ನು ಅದು ಎಷ್ಟು ಮಿಲಿಸೆಕೆಂಡು ನಡೆಸಬಲ್ಲುದು?

2. ಮೂರು ಡಿಸ್ಕುಗಳಲ್ಲಿ 1, 1, 1 ಎಂಬ ಅಂಕಿಗಳಿವೆ. ನಾಲ್ಕನೆಯದರಲ್ಲಿ ಬರೆಯಬೇಕಾದ ಅಂಕಿ ಯಾವುದು? ಮೊದಲನೆಯ ಡಿಸ್ಕು ಹೋದರೆ ಅದರ ಅಂಕಿಯನ್ನು ಹೇಗೆ ಪಡೆಯುವಿರಿ?

3. ಹನ್ನೆರಡು ಡಿಸ್ಕುಗಳು ನಾಲ್ಕು ನಾಲ್ಕರಂತೆ ಸರದಿಯಲ್ಲಿ ಹೊರಟರೆ, ಡಿಸ್ಕುಗಳಿಗೆ ಬೇಕಾಗುವ ಅತಿ ಹೆಚ್ಚಿನ ವಿದ್ಯುಚ್ಛಕ್ತಿ ಎಷ್ಟು ವಾಟು?

4. ನಿಮ್ಮ ಶಾಲೆಯ ಗಣಕಕ್ಕೆ ವಿದ್ಯುತ್ತು ಬರುವ ದಾರಿಯ ಕೊಂಡಿಗಳನ್ನು ಬರೆಯಿರಿ. ಅದರ ನಡುವಣ ಕೊಂಡಿ ಯಾವುದು?